ನೇಂದ್ರ ಬಾಳೆಹಣ್ಣಿನಿಂದ ಶುರುವಾದ ನನ್ನ ಲೆಕ್ಕದ ಕೆಲಸ

"ಒಂದು ದಿನಸಿ ಅಂಗಡಿಗೆ ಲಾಭ ಎಲ್ಲಿಂದ ಬರುತ್ತದೆ?" ಸೂಪರ್ ಮಾರ್ಕೆಟ್ ಕಂಪನಿಯ ಕೆಲಸದ ಸಂದರ್ಶನದಲ್ಲಿ ನನಗೆ ಕೇಳಿದ ಮೊದಲ ಪ್ರಶ್ನೆ ಇದು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನ ಸೋದರಮಾವನಿಗೆ ಅಂಗಡಿ ಇದೆ. ಕಾಲೇಜು ರಜೆಯಲ್ಲಿ ಅಲ್ಲಿ ಸಾಲದ ಪುಸ್ತಕ ಬರೆಯುತ್ತಿದ್ದೆ. ಅದನ್ನೇ ಹೇಳಿದೆ. ಸಕ್ಕರೆಯಲ್ಲಿ ಹೆಚ್ಚೇನೂ ಸಿಗುವುದಿಲ್ಲ, ಆದರೆ ಸಕ್ಕರೆ ಇಲ್ಲದಿದ್ದರೆ ಜನ ಬರುವುದಿಲ್ಲ. ಸಕ್ಕರೆಗೆ ಬಂದವರು ಕೊತ್ತಂಬರಿ, ಮೆಣಸು, ಸೋಪು ತಗೊಳ್ಳುತ್ತಾರೆ. ಲಾಭ ಅಲ್ಲಿದೆ. ನನ್ನ ಇಂಗ್ಲಿಷ್ ತಡವರಿಸುತ್ತಿತ್ತು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಆದರೂ ಹೇಳುವ ವಿಷಯ ಗೊತ್ತಿದ್ದುದರಿಂದ ಮಾತು ನಿಲ್ಲಲಿಲ್ಲ.

ಕಣ್ಣೂರು ವಿಶ್ವವಿದ್ಯಾಲಯದ ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಗ ಈ ಕೆಲಸದ ವಿಷಯ ಗೊತ್ತಾಯಿತು. ದೊಡ್ಡ ಸೂಪರ್ ಮಾರ್ಕೆಟ್ ಕಂಪನಿಯೊಂದು ಹೊಸ ಪದವೀಧರರನ್ನು ಫೈನಾನ್ಸ್ ಟ್ರೈನಿಯಾಗಿ ತಗೊಳ್ಳುತ್ತಿತ್ತು. ಆನ್‌ಲೈನ್ ಪರೀಕ್ಷೆ, ಗುಂಪು ಚರ್ಚೆ, ಎರಡು ಸಂದರ್ಶನ. ಆಮೇಲೆ ಹದಿನೆಂಟು ತಿಂಗಳ ತರಬೇತಿ, ಅದರಲ್ಲಿ ಮೊದಲ ಆರು ತಿಂಗಳು ಬೆಂಗಳೂರಿನ ಒಂದು ಸ್ಟೋರಿನಲ್ಲಿ. ಸಹಿ ಹಾಕುವ ಮೊದಲು ಬಾಂಡ್ ಇದೆಯಾ, ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು ಅಂತ ಓದಿಕೊಂಡೆ. ನೀವೂ ಓದಿಕೊಳ್ಳಿ.

"ಡಿಗ್ರಿ ಮಾಡಿ ಅಂಗಡಿಯಲ್ಲಿ ಮೂಟೆ ಎಣಿಸಬೇಕಾ?" ಎಂದು ಅಪ್ಪ ಕೇಳಿದರು. ಮೊದಲ ತಿಂಗಳು ನನಗೂ ಹಾಗೇ ಅನಿಸಿತ್ತು. ಬೆಳಗ್ಗೆ ಆರಕ್ಕೆ ಲಾರಿ ಬರುತ್ತದೆ. ಇಳಿದ ಮಾಲನ್ನು ಎಣಿಸಿ ಜಿಆರ್‌ಎನ್ ಹಾಕಬೇಕು, ಅಂದರೆ ಇಷ್ಟು ಮಾಲು ಬಂತು ಎಂದು ಕಂಪ್ಯೂಟರಿನಲ್ಲಿ ದಾಖಲಿಸಬೇಕು. ರಾತ್ರಿ ಪ್ರತಿ ಕೌಂಟರಿನ ನಗದು, ಕಾರ್ಡ್, ಯುಪಿಐ ಲೆಕ್ಕ ಬೇರೆ ಬೇರೆ ತಾಳೆ ನೋಡಬೇಕು. ಕಾಲು ನೋಯುತ್ತಿತ್ತು.

ಎರಡನೇ ತಿಂಗಳಲ್ಲಿ ನೇಂದ್ರ ಬಾಳೆಹಣ್ಣಿನ ವಿಷಯ ಬಂತು. ತಿಂಗಳ ಶ್ರಿಂಕೇಜ್ ವರದಿಯಲ್ಲಿ, ಅಂದರೆ ಲೆಕ್ಕಕ್ಕೆ ಸಿಗದ ಮಾಲಿನ ಪಟ್ಟಿಯಲ್ಲಿ, ನೇಂದ್ರದ ಕೊರತೆ ತುಂಬಾ ತೋರಿಸುತ್ತಿತ್ತು. ಕಳ್ಳತನ ಇರಬೇಕು ಎಂದು ಎಲ್ಲರಿಗೂ ಅನುಮಾನ. ಅದೇ ವರದಿಯ ಕೆಳಗೆ ಪಚ್ಚಬಾಳೆಯ ಸ್ಟಾಕ್ ಮೈನಸ್ಸಿನಲ್ಲಿತ್ತು. ಇಲ್ಲದ ಹಣ್ಣನ್ನು ಮಾರಿದ್ದು ಹೇಗೆ? ನಾನು ಹೋಗಿ ತೂಕದ ಮೆಷಿನ್ ಪಕ್ಕ ಒಂದು ಗಂಟೆ ನಿಂತೆ. ಅಲ್ಲಿದ್ದ ಹೊಸ ಹುಡುಗನಿಗೆ ಬಾಳೆ ಅಂದರೆ ಎಲ್ಲಾ ಒಂದೇ. ನೇಂದ್ರಕ್ಕೂ ಪಚ್ಚಬಾಳೆಯ ಕೋಡ್ ಒತ್ತುತ್ತಿದ್ದ. ಬೆಲೆ ಜಾಸ್ತಿ ಇರುವ ಹಣ್ಣು ಕಡಿಮೆ ಬೆಲೆಗೆ ಹೋಗುತ್ತಿತ್ತು. ನಮ್ಮ ಊರಿನವರಿಗೆ ನೇಂದ್ರ, ಕದಳಿ, ಪಚ್ಚಬಾಳೆ ಬೇರೆ ಬೇರೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಒಂದೊಂದು ಹಣ್ಣಿನ ಫೋಟೋ ತೆಗೆದು, ಪಕ್ಕದಲ್ಲಿ ಕೋಡ್ ದೊಡ್ಡದಾಗಿ ಬರೆದು ಮೆಷಿನ್ ಮೇಲೆ ಅಂಟಿಸಿದೆವು. ಮುಂದಿನ ತಿಂಗಳು ಎರಡೂ ಲೆಕ್ಕ ಹತ್ತಿರಕ್ಕೆ ಬಂದವು. ಆ ಹುಡುಗನ ಕೆಲಸ ಉಳಿಯಿತು. ನನಗೆ ಅದೇ ಹೆಚ್ಚು ಸಮಾಧಾನ ಕೊಟ್ಟಿದ್ದು.

ಸೊಪ್ಪು, ತರಕಾರಿ ಒಣಗಿ ತೂಕ ಇಳಿಯುವುದು ಬೇರೆ ವಿಷಯ. ಅದು ನನಗೆ ಬೇಗ ಅರ್ಥವಾಯಿತು. ಅಡಿಕೆ ಅಂಗಳದಲ್ಲಿ ಒಣಗುವಾಗ ಎಷ್ಟು ತೂಕ ಕಳೆದುಕೊಳ್ಳುತ್ತದೆ ಎಂದು ಮನೆಯಲ್ಲಿ ನೋಡಿಯೇ ಬೆಳೆದವರು ನಾವು.

ಆಮೇಲೆ ಹೆಡ್ ಆಫೀಸಿನಲ್ಲಿ ಬಿಲ್ ಪಾವತಿ ವಿಭಾಗ. ಇಲ್ಲಿ ಮೂರು ಕಾಗದ ಹೊಂದಬೇಕು: ನಾವು ಕೊಟ್ಟ ಪರ್ಚೇಸ್ ಆರ್ಡರ್, ಸ್ಟೋರಿನ ಜಿಆರ್‌ಎನ್, ಪೂರೈಕೆದಾರರ ಇನ್‌ವಾಯ್ಸ್. ಹೊಂದದಿದ್ದರೆ ಬಿಲ್ ಅಲ್ಲೇ ನಿಲ್ಲುತ್ತದೆ. ಒಂದು ದಿನ ಹಪ್ಪಳದ ಸಣ್ಣ ಘಟಕ ನಡೆಸುವ ಹೆಂಗಸೊಬ್ಬರು ಫೋನ್ ಮಾಡಿದರು. "ಸರ್, ಎರಡು ತಿಂಗಳಾಯಿತು, ದುಡ್ಡು ಬಂದಿಲ್ಲ." ಮಾತಿನ ಧಾಟಿ ಕೇಳಿ ನಾನು ತುಳುವಿನಲ್ಲೇ ಮಾತಾಡಿದೆ. ಅವರು ಕಳಿಸಿದ್ದು 12 ಪೆಟ್ಟಿಗೆ, ಒಂದರಲ್ಲಿ 24 ಪ್ಯಾಕೆಟ್. ಇನ್‌ವಾಯ್ಸಿನಲ್ಲಿ 288. ಜಿಆರ್‌ಎನ್‌ನಲ್ಲಿ 12. ಕಂಪ್ಯೂಟರಿನ ಪ್ರಕಾರ 276 ಪ್ಯಾಕೆಟ್ ಬಂದೇ ಇಲ್ಲ! ಆರು ತಿಂಗಳು ಲಾರಿ ಇಳಿಸಿದ್ದ ನನಗೆ ತಪ್ಪು ಎಲ್ಲಿ ಆಗಿರಬಹುದು ಎಂದು ಗೊತ್ತಿತ್ತು. ಸ್ಟೋರಿಗೆ ಫೋನ್ ಮಾಡಿ ಸರಿಪಡಿಸಿದೆ. ಆ ವಾರವೇ ಹಣ ಹೋಯಿತು. ಹೀಗೆ ನಿಂತ ಬಿಲ್ಲಿನಿಂದ ಕಂಪನಿಗೂ ನಷ್ಟ. ಕಿರು ಮತ್ತು ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡವಾಗಿ ಕೊಟ್ಟರೆ ಆದಾಯ ತೆರಿಗೆ ಲೆಕ್ಕದಲ್ಲಿ ಆ ಖರ್ಚನ್ನು ಆದಾಯದಿಂದ ಕಳೆಯಲು ಹಣ ಕೊಟ್ಟ ವರ್ಷದಲ್ಲಿ ಮಾತ್ರ ಆಗುತ್ತದೆ. ತೆರಿಗೆಯ ಈ ನಿಯಮ 2023-24ರಿಂದ ಇದೆ.

ಕೊನೆಯ ಭಾಗ ಜಿಎಸ್‌ಟಿ. ತಾಜಾ ತರಕಾರಿಗೆ ತೆರಿಗೆ ಇಲ್ಲ, ಸೋಪಿಗೆ ಇದೆ. ಎರಡನ್ನೂ ಒಂದೇ ಕಟ್ಟಡದಲ್ಲಿ ಮಾರುತ್ತೇವೆ. ಹಾಗಾಗಿ ಕಟ್ಟಡದ ಬಾಡಿಗೆಗೆ ಕಟ್ಟಿದ ಜಿಎಸ್‌ಟಿಯನ್ನು, ಮಾರಾಟದ ಮೇಲೆ ನಾವು ಕಟ್ಟಬೇಕಾದ ತೆರಿಗೆಯಲ್ಲಿ ಪೂರ್ತಿ ಕಳೆಯಲು ಆಗುವುದಿಲ್ಲ. ತೆರಿಗೆ ಇಲ್ಲದ ಮಾರಾಟದ ಪಾಲನ್ನು ಲೆಕ್ಕ ಹಾಕಿ ಬಿಟ್ಟುಕೊಡಬೇಕು. ತಿಂಗಳ 14ಕ್ಕೆ ಜಿಎಸ್‌ಟಿಆರ್-2ಬಿ, ಅಂದರೆ ನಮ್ಮ ಖರೀದಿಯ ಮೇಲಿನ ತೆರಿಗೆಯ ಪಟ್ಟಿ, ಬರುತ್ತದೆ, 20ರೊಳಗೆ 3ಬಿ, ಅಂದರೆ ತಿಂಗಳ ರಿಟರ್ನ್, ಸಲ್ಲಿಸಬೇಕು. ಆ ಆರು ದಿನ ಊರಿಗೆ ಹೋಗುವ ರಜೆ ಕೇಳಬೇಡಿ.

ಈಗ ಅದೇ ಕಂಪನಿಯಲ್ಲಿ ಕಾಯಂ ಆಗಿದ್ದೇನೆ. ಜೊತೆಗೆ ಸಿಎಂಎ, ಅಂದರೆ ಕಾಸ್ಟ್ ಅಕೌಂಟೆಂಟ್ ಕೋರ್ಸ್, ಓದುತ್ತಿದ್ದೇನೆ. ಪದವಿ ಮುಗಿಸಿದವರು ನೇರವಾಗಿ ಅದರ ಎರಡನೇ ಹಂತವಾದ ಇಂಟರ್‌ಮೀಡಿಯಟ್‌ಗೆ ಸೇರಬಹುದು, ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ಮಾರ್ಚ್ ಕೊನೆಯ ಸ್ಟಾಕ್ ಎಣಿಕೆ, ಏಪ್ರಿಲ್‌ನ ಆಡಿಟ್ ಮುಗಿಯುವಷ್ಟರಲ್ಲಿ ಜೂನ್ ಎದುರಿಗೇ ಇರುತ್ತದೆ. ಹಾಗಾಗಿ ನಾನು ಡಿಸೆಂಬರ್ ನಂಬಿಕೊಂಡಿದ್ದೇನೆ.

ಹೋದ ತಿಂಗಳು ಪೆರ್ಲದ ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಇಂಥದ್ದೇ ತರಬೇತಿಗೆ ಆಯ್ಕೆಯಾಗಿದ್ದಾಳೆ. "ಅಣ್ಣ, ಸ್ಟೋರಿನ ಆರು ತಿಂಗಳನ್ನು ಮೂರಕ್ಕೆ ಇಳಿಸಲು ಕೇಳಬಹುದಾ?" ಎಂದಳು. ಬೇಡ ಅಂದೆ. ಬೆಳಗ್ಗೆ ಲಾರಿ ಇಳಿಸುವ ಪಾಳಿಯನ್ನೇ ಮೊದಲು ಕೇಳು, ಒಂದು ಸಣ್ಣ ನೋಟ್‌ಬುಕ್ ಇಟ್ಟುಕೋ ಅಂದೆ. ನನ್ನ ಹಳೆಯ ನೋಟ್‌ಬುಕ್ಕಿನ ಪುಟಗಳ ಫೋಟೋ ಅವಳಿಗೆ ಕಳಿಸಿದ್ದೇನೆ. ಬಾಳೆಹಣ್ಣಿನ ಪುಟವೂ ಅದರಲ್ಲಿದೆ.