ಕರಿಹ್ಯಾಟೆಯ ಮರಿಗಳು ಗುಂಪು ಸೇರಿದ್ದು: ನನ್ನ ಅನುಭವ

ಹೋದ ವರ್ಷ ನಾನು ಮಾಡಿದ ತಪ್ಪಿಗೆ ಎರಡು ಕೋಳಿಮರಿ ಸತ್ತವು. ತಾಯಿ ಕೋಳಿಯನ್ನೂ ಮರಿಗಳನ್ನೂ ಎರಡು ತಿಂಗಳು ಹಿತ್ತಲಿನ ಬೇರೆ ಕೋಣೆಯಲ್ಲಿ ಜೋಪಾನವಾಗಿ ಸಾಕಿದ್ದೆ. ಒಂದು ಬೆಳಗ್ಗೆ ಎಲ್ಲವನ್ನೂ ಅಂಗಳಕ್ಕೆ ಬಿಟ್ಟುಬಿಟ್ಟೆ. ಅಷ್ಟರಲ್ಲಿ ಉಳಿದ ಕೋಳಿಗಳಿಗೆ ಆ ಹ್ಯಾಟೆಯೇ ಹೊಸಬಳಾಗಿದ್ದಳು. ಮೊದಲು ಅವಳ ಮೇಲೆ ಬಿದ್ದವು, ಆಮೇಲೆ ಮರಿಗಳ ಮೇಲೆ. ನಾನು ಓಡಿ ಬರುವಷ್ಟರಲ್ಲಿ ಎರಡರ ತಲೆ ರಕ್ತವಾಗಿತ್ತು.

ಈ ಸಲ ಹಾಗೆ ಮಾಡಲಿಲ್ಲ. ತಾಯಿ ಒಂದು ದಿನವೂ ಗುಂಪಿನ ಕಣ್ಣಿಂದ ಮರೆಯಾಗಬಾರದು ಅಂತ ಮೊದಲೇ ತೀರ್ಮಾನ ಮಾಡಿದೆ.

ನಮ್ಮದು ತಿಪಟೂರು ಕಡೆಯ ತೆಂಗಿನ ತೋಟ. ಒಂದು ಹುಂಜ, ಏಳು ಗಿರಿರಾಜ ತಳಿಯ ಹ್ಯಾಟೆ, ಐದು ನಾಟಿ ಹ್ಯಾಟೆ ಇವೆ. ನಮ್ಮ ಗಿರಿರಾಜಗಳು ಕಾವು ಕೂರುವುದೇ ಇಲ್ಲ, ಅದಕ್ಕೆ ನಾಟಿಯ ಕರಿಹ್ಯಾಟೆಯನ್ನೇ ಕೂರಿಸಿದೆ. ಗೂಡಿನ ಒಳಗೇ ಒಂದು ಮೂಲೆಗೆ ನಾಲ್ಕಡಿ ಉದ್ದ, ಮೂರಡಿ ಅಗಲ ಜಾಲರಿ ಕಟ್ಟಿ, ಅದರಲ್ಲಿ ಮಂಕರಿ ಇಟ್ಟು ಹನ್ನೊಂದು ಮೊಟ್ಟೆ ಹಾಕಿದೆ. 21ನೇ ದಿನ ಒಂಬತ್ತು ಮರಿ ಒಡೆದವು.

"ತಾಯಿ ಇದ್ದಾಳಲ್ಲಮ್ಮ, ಜಾಲರಿ ಯಾಕೆ?" ಅಂದರು ನಮ್ಮತ್ತೆ.

"ಹತ್ತು ದಿನ ಅಷ್ಟೇ ಅತ್ತೆ. ಅವು ಇವನ್ನ ನೋಡ್ತಾ ಇರ್ಲಿ, ಇವು ಅವನ್ನ ನೋಡ್ತಾ ಇರ್ಲಿ."

ನನಗೆ ಜಾಸ್ತಿ ತಲೆಬಿಸಿ ಆಗಿದ್ದು ಮೇವಿನ ವಿಷಯ. ಮರಿಗಳಿಗೆ ಸ್ಟಾರ್ಟರ್ ಬೇಕು, ಮೊಟ್ಟೆ ಇಡುವ ಕೋಳಿಗಳಿಗೆ ಲೇಯರ್ ಫೀಡ್. ಲೇಯರ್ ಫೀಡಿನಲ್ಲಿ ಕ್ಯಾಲ್ಸಿಯಂ ನೂರಕ್ಕೆ 3.5ರಿಂದ 4ರಷ್ಟು ಇರುತ್ತದೆ. ಮರಿಗೆ 1ರಷ್ಟು ಸಾಕು. ಜಾಸ್ತಿಯಾದದ್ದು ದಿನಾ ಹೊಟ್ಟೆಗೆ ಹೋದರೆ ಮರಿಯ ಮೂತ್ರಪಿಂಡ ಹಾಳಾಗುತ್ತದೆ. ಆದರೆ ತಾಯಿ ಎಲ್ಲಿ ಕೆದಕುತ್ತಾಳೋ ಮರಿ ಅಲ್ಲೇ ತಿನ್ನುತ್ತದೆ, ತಡೆಯೋಕಾಗಲ್ಲ ಅಲ್ವಾ? ಅದಕ್ಕೆ ಲೇಯರ್ ಫೀಡನ್ನೇ ನಿಲ್ಲಿಸಿದೆ. ದೊಡ್ಡವಕ್ಕೆಲ್ಲ ಕ್ಯಾಲ್ಸಿಯಂ ಕಡಿಮೆ ಇರುವ ಗ್ರೋವರ್ ಮೇವು ಹಾಕಿ, ಕ್ಯಾಲ್ಸಿಯಂಗೆ ಅಂತ ಕಪ್ಪೆಚಿಪ್ಪಿನ ಚೂರನ್ನು ಬೇರೆ ಡಬ್ಬಿಯಲ್ಲಿ ಮರಿಗೆ ಎಟುಕದ ಎತ್ತರಕ್ಕೆ ಕಟ್ಟಿದೆ. ಮೊಟ್ಟೆ ಇಡುವ ಹ್ಯಾಟೆ ತನಗೆ ಬೇಕಾದಷ್ಟು ತಾನೇ ಹೋಗಿ ತಿನ್ನುತ್ತದೆ. ಮೊಟ್ಟೆ ಸಿಪ್ಪೆ ತೆಳುವಾಗಲಿಲ್ಲ. ಕರಿಹ್ಯಾಟೆ ಮೊಟ್ಟೆ ನಿಲ್ಲಿಸಿದ್ದಳು, ಅವಳು ಮರಿಗಳ ಜೊತೆ ಸ್ಟಾರ್ಟರನ್ನೇ ತಿಂದಳು.

ಆಮೇಲೆ ಮರಿಗಳಿಗೇ ಅಂತ ಒಂದು ಬಿದಿರಿನ ಚೌಕಟ್ಟು ಮಾಡಿಸಿದೆ. ಕಡ್ಡಿಯಿಂದ ಕಡ್ಡಿಗೆ ಎರಡೂವರೆ ಇಂಚು ಸಂದು. ಮರಿ ಒಳಗೆ ನುಗ್ಗುತ್ತದೆ, ದೊಡ್ಡ ಕೋಳಿಯ ಕತ್ತು ಮಾತ್ರ ಹೋಗುತ್ತದೆ. ಸ್ಟಾರ್ಟರ್ ತಟ್ಟೆಯನ್ನು ಕತ್ತಿಗೆ ಸಿಗದಂತೆ ನಟ್ಟನಡುವೆ ಇಡಬೇಕು. ಇದು ಬರೀ ಮೇವಿಗಲ್ಲ. ಯಾರಾದರೂ ಅಟ್ಟಿಸಿಕೊಂಡು ಬಂದರೆ ಮರಿಗಳು ಇದರೊಳಗೇ ಓಡುತ್ತಿದ್ದವು. ನೀರಿನ ತಟ್ಟೆಯಲ್ಲಿ ಮೊದಲ ವಾರ ಕಲ್ಲು ಹರಳು ತುಂಬಿದ್ದೆ, ಮರಿ ಮುಳುಗದಿರಲಿ ಅಂತ.

ಗೆದ್ದಲಿನ ಮಡಕೆ ಅತ್ತೆಯವರ ಪಾಠ. ಹಳೇ ಮಡಕೆಗೆ ಸಗಣಿ, ಒಣಹುಲ್ಲು, ಗೋಣಿ ಚೂರು ತುಂಬಿ, ನೀರು ಚಿಮುಕಿಸಿ, ಗೆದ್ದಲು ಓಡಾಡುವ ಜಾಗದಲ್ಲಿ ಸಂಜೆ ಬೋರಲು ಹಾಕುವುದು. ಬೆಳಗ್ಗೆ ಎತ್ತಿದರೆ ಒಳಗೆಲ್ಲ ಬೆಳ್ಳಗೆ ಗಿಜಿಗಿಜಿ. ಅದನ್ನು ಮರಿಗಳ ಮುಂದೆ ಕೊಡವಿದ ಮೊದಲ ದಿನ ಕರಿಹ್ಯಾಟೆ ಒಂದು ಗೆದ್ದಲನ್ನು ಕೊಕ್ಕಲ್ಲಿ ಎತ್ತಿದಳು, ಕೆಳಗೆ ಹಾಕಿದಳು, ಮತ್ತೆ ಎತ್ತಿದಳು. ಗಂಟಲಲ್ಲೇ ಕೊಕ್ ಕೊಕ್ ಅಂತ ಕರೆಯುತ್ತಿದ್ದಳು. ತಾನು ನುಂಗಲಿಲ್ಲ. ಒಂದು ಮರಿ ಬಂದು ಅವಳ ಕೊಕ್ಕಿನ ತುದಿಯಿಂದಲೇ ಕಿತ್ತುಕೊಂಡು ಓಡಿತು, ಉಳಿದ ಎಂಟೂ ಅದರ ಹಿಂದೆ. ಎಷ್ಟು ಹೊತ್ತು ನೋಡುತ್ತ ಕೂತಿದ್ದೆನೋ.

ಹನ್ನೊಂದನೇ ದಿನ ಜಾಲರಿ ತೆಗೆದೆ. ಬೆಳಗ್ಗೆ ಅಲ್ಲ, ಸಂಜೆ ಐದಕ್ಕೆ. ಆ ಹೊತ್ತಿಗೆ ಎಲ್ಲ ಕೋಳಿಗಳೂ ಹೊಟ್ಟೆ ತುಂಬಿ ಸುಮ್ನೆ ಇರುತ್ತವೆ, ಒಂದು ಗಂಟೆಯಲ್ಲಿ ಕತ್ತಲೂ ಆಗುತ್ತದೆ. ಜುಟ್ಟು ಹರಿದ ಒಂದು ಗಿರಿರಾಜ ಮರಿಯ ಹತ್ತಿರ ಬಂದಿತು. ಕರಿಹ್ಯಾಟೆ ಪುಕ್ಕ ಕೆದರಿ ಹಾರಿ ಎದೆಗೆ ಒದ್ದಳು. ಗಿರಿರಾಜ ಅವಳಿಗಿಂತ ದಪ್ಪ, ಆದರೂ ಹಿಂದೆ ಸರಿಯಿತು. ಮಾರನೇ ದಿನ ಇನ್ನೊಂದು ಸಲ ಹೀಗೇ ಆಯಿತು, ಆಮೇಲೆ ಯಾರೂ ತಂಟೆಗೆ ಬರಲಿಲ್ಲ. ಹುಂಜದಿಂದ ತೊಂದರೆಯೇ ಆಗಲಿಲ್ಲ.

ಲಸಿಕೆ ಬಿಡಬೇಡಿ. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಏಳನೇ ದಿನ ಕಣ್ಣಿಗೆ ಲಸೋಟಾ ಲಸಿಕೆಯ ಹನಿ ಹಾಕಿಸಿದೆ, ಎಂಟನೇ ವಾರ ಅದೇ ರೋಗದ ಆರ್2ಬಿ ಲಸಿಕೆ ಚುಚ್ಚಿಸಿದೆ. ಸೀಸೆ ಒಂದಕ್ಕೆ ನೂರಾರು ಕೋಳಿಗಾಗುವಷ್ಟು ಬರುತ್ತದೆ. ಅಕ್ಕಪಕ್ಕದ ಮನೆಯವರೂ ಸೇರಿ ತಂದು, ಐಸಿನಲ್ಲೇ ಇಟ್ಟುಕೊಂಡು, ಒಂದೇ ಬೆಳಗ್ಗೆ ಎಲ್ಲ ಮುಗಿಸಿದೆವು.

ನಾಲ್ಕನೇ ವಾರ ಎರಡು ಮರಿ ಮುದುರಿ ಕೂತವು, ಹಿಕ್ಕೆಯಲ್ಲಿ ರಕ್ತ ಕಂಡಿತು. ನೀರಿನ ತಟ್ಟೆ ಸುತ್ತ ಭತ್ತದ ಹೊಟ್ಟು ಒದ್ದೆಯಾಗಿತ್ತು. ರಕ್ತಭೇದಿ ಬರುವುದೇ ಅಂಥ ಕಡೆ. ಪಶುವೈದ್ಯರು ಕೊಟ್ಟ ಔಷಧಿಯನ್ನು ಐದು ದಿನ ನೀರಿಗೆ ಹಾಕಿದೆ, ಹೊಟ್ಟು ಪೂರ್ತಿ ಬದಲಿಸಿದೆ, ತಟ್ಟೆಯನ್ನು ಇಟ್ಟಿಗೆ ಮೇಲೆ ಏರಿಸಿದೆ. ಎರಡೂ ಉಳಿದವು.

ನನ್ನ ಮಟ್ಟಿಗೆ ನಿಜವಾದ ಕಷ್ಟ ಶುರುವಾಗಿದ್ದು ಏಳನೇ ವಾರ. ಕರಿಹ್ಯಾಟೆ ಒಂದು ಸಂಜೆ ಮರಿಗಳನ್ನು ಕೆಳಗೇ ಬಿಟ್ಟು ಮೇಲಿನ ಗಳ ಹತ್ತಿ ಕೂತಳು. ಬೆಳಗ್ಗೆ ಹತ್ತಿರ ಬಂದ ಮರಿಗಳನ್ನು ತಾನೇ ಕುಕ್ಕಿ ಓಡಿಸಿದಳು. ಮತ್ತೆ ಮೊಟ್ಟೆಗೆ ಬರುವ ಲಕ್ಷಣ ಅದು. ಕಾಯುವವಳು ಇಲ್ಲ ಅನ್ನೋದು ಉಳಿದವಕ್ಕೆ ಒಂದೇ ದಿನದಲ್ಲಿ ಗೊತ್ತಾಯಿತು. ಆವರೆಗೆ ಅವು ಮರಿಗಳನ್ನು ಒಪ್ಪಿಕೊಂಡಿವೆ ಅಂತ ನಾನು ತಿಳಿದಿದ್ದೆ. ಅವು ತಾಯಿಗೆ ಹೆದರಿದ್ದವು, ಅಷ್ಟೇ.

ಅವತ್ತೇ ಒಂದಡಿ ಎತ್ತರಕ್ಕೆ ಇನ್ನೊಂದು ಗಳ ಕಟ್ಟಿದೆ. ಮೂರು ದಿನ ಕತ್ತಲಾದ ಮೇಲೆ ಒಂದೊಂದೇ ಮರಿಯನ್ನು ಎತ್ತಿ ಅದರ ಮೇಲೆ ಕೂರಿಸಿದೆ, ನಾಲ್ಕನೇ ದಿನ ತಾವೇ ಹತ್ತಿದವು. ಮೇವು, ನೀರನ್ನು ಮೂರು ಕಡೆ ಇಟ್ಟೆ. ಒಂದು ಕಡೆ ನಿಂತ ಕೋಳಿಗೆ ಇನ್ನೊಂದು ಕಾಣಬಾರದು. ಒಣಗಿದ ತೆಂಗಿನ ಗರಿಗಳನ್ನು ಗೋಡೆಗೆ ಓರೆಯಾಗಿ ಒರಗಿಸಿ ಬಚ್ಚಿಟ್ಟುಕೊಳ್ಳಲು ಜಾಗ ಮಾಡಿದೆ. ಮರಿಗಳೂ ಬೆಳೆದಿದ್ದವು, ಚೌಕಟ್ಟಿನಿಂದ ಒಂದು ಕಡ್ಡಿ ಬಿಟ್ಟು ಒಂದು ಕಡ್ಡಿ ಕಿತ್ತೆ.

ಇಷ್ಟಾದರೂ ಎಲ್ಲಕ್ಕಿಂತ ಚಿಕ್ಕದರ ಬೆನ್ನಿನ ಪುಕ್ಕ ಕಿತ್ತುಹೋಯಿತು. ಅದೇ ಜುಟ್ಟು ಹರಿದ ಗಿರಿರಾಜದ ಕೆಲಸ. ರಕ್ತ ಕಂಡರೆ ಎಲ್ಲವೂ ಅಲ್ಲೇ ಕುಕ್ಕುತ್ತವೆ, ತಕ್ಷಣ ಬೇರೆ ಮಾಡಬೇಕು. ಆದರೆ ಒಂಟಿಯಾಗಿ ಇಡಬಾರದು. ಅರಿಶಿನ, ಬೇವಿನೆಣ್ಣೆ ಹಚ್ಚಿ, ಜೊತೆಗೆ ಅದರ ಓರಗೆಯ ಒಂದು ಮರಿ ಬಿಟ್ಟು, ಗುಂಪಿಗೆ ಕಾಣುವಂತೆ ಆ ಹಳೇ ಜಾಲರಿಯಲ್ಲೇ ಐದು ದಿನ ಇಟ್ಟೆ. ಹೊರಗೆ ಬಿಟ್ಟಾಗ ಎರಡೂ ಸೀದಾ ಗರಿಗಳ ಹಿಂದಕ್ಕೆ ಓಡಿದವು, ಮಧ್ಯಾಹ್ನದ ಹೊತ್ತಿಗೆ ಮೇವಿನ ತಟ್ಟೆಗೆ ಬಂದವು.

ಒಂದು ಮರಿಯನ್ನು ಗಿಡುಗ ಒಯ್ದಿತು. ಎಂಟು ಉಳಿದಿವೆ. ಈಗ ಅವಕ್ಕೆ ಐದು ತಿಂಗಳು, ಮೂರು ಹುಂಜ, ಐದು ಹ್ಯಾಟೆ. ನಿನ್ನೆ ರಾತ್ರಿ ಟಾರ್ಚ್ ಹಿಡಿದು ಲೆಕ್ಕ ಹಾಕಲು ಹೋದಾಗ ಕೆಳಗಿನ ಗಳ ಖಾಲಿ ಇತ್ತು. ಎಂಟೂ ಮೇಲೆ ಹತ್ತಿದ್ದವು. ಚಿಕ್ಕದು ಜುಟ್ಟು ಹರಿದ ಗಿರಿರಾಜದ ಪಕ್ಕದಲ್ಲೇ, ರೆಕ್ಕೆಗೆ ರೆಕ್ಕೆ ತಾಗಿಸಿಕೊಂಡು ಮಲಗಿತ್ತು.