ದನ ಇಳಿಸಿದೆ, ಹಾಲು ಏರಿತು: ಶಿಗ್ಗಾಂವಿ ಸೀಮೆಯ ಒಂದು ಕೊಟ್ಟಿಗೆಯ ಲೆಕ್ಕ

ನಮ್ಮ ಕೊಟ್ಟಿಗೆಯಲ್ಲಿ ಮೊದಲು 15 ಜಾನುವಾರುಗಳಿದ್ದವು, ಈಗ 9 ಇವೆ. 15 ಇದ್ದಾಗ ಎರಡೂ ಹೊತ್ತಿನದು ಸೇರಿ ಡೇರಿಗೆ ಹಾಕುತ್ತಿದ್ದ ಹಾಲು 40-45 ಲೀಟರ್. ಈಗ ಅದು 70 ಲೀಟರಿಗಿಂತ ಕೆಳಗಿಳಿಯುವುದು ಅಪರೂಪ. ದನಗಳನ್ನು ಒಂದೊಂದಾಗಿ ಮಾರತೊಡಗಿದಾಗ ನಾನು ಸಾಲದಲ್ಲಿ ಮುಳುಗಿದ್ದೇನೆಂದು ಊರಿನಲ್ಲಿ ಸುದ್ದಿಯಾಗಿತ್ತು. ನಮ್ಮ ಕಾಕಾ ಎದುರಿಗೇ ಅಂದಿದ್ದರು: "ದನಾ ಮಾರಿ ಹಾಲು ಹೆಚ್ಚ ಮಾಡಾವ ನೀ ಒಬ್ಬನ ನೋಡಪಾ." ಹೋದ ವರ್ಷ ಅವರ ಮಗನೇ ಬಂದು ನನ್ನ ರಸಮೇವಿನ (ಹಸಿಯಾಗಿ ಕಡಿದು ಹುದುಗಿಸಿಟ್ಟ ಮೇವು, ಸೈಲೇಜ್) ಗುಂಡಿಯ ಅಳತೆ ಬರೆದುಕೊಂಡು ಹೋದ. ಹೈನು ಮಾಡುವ ಉಳಿದವರೂ ಕೇಳುತ್ತಿದ್ದಾರೆ. ಎಲ್ಲರಿಗೂ ಬೇರೆ ಬೇರೆಯಾಗಿ ಹೇಳುವುದಕ್ಕಿಂತ ಬರೆದಿಡುವುದು ಸುಲಭವೆನಿಸಿತು. ಅಂಕಿಗಳನ್ನು ನೆನಪಿನಿಂದ ಕೊಡುತ್ತಿದ್ದೇನೆ. ಸ್ವಲ್ಪ ಹಿಂದೆಮುಂದೆ ಇರಬಹುದು.

ದನ ಇಳಿಸುವ ಧೈರ್ಯ ಬಂದದ್ದು ಜಾನುವಾರು ಗಣತಿಯ ಅಂಕಿಗಳನ್ನು ನೋಡಿದ ಮೇಲೆ. 2019ರ 20ನೆಯ ಗಣತಿಯ ಪ್ರಕಾರ ದೇಶದಲ್ಲಿ ಇದ್ದದ್ದು 19.25 ಕೋಟಿ ದನ ಮತ್ತು 11 ಕೋಟಿಗೆ ಸ್ವಲ್ಪ ಕಡಿಮೆ ಎಮ್ಮೆ. 2012ರ ಗಣತಿಗೆ ಹೋಲಿಸಿದರೆ ಎರಡರಲ್ಲೂ ಹೆಚ್ಚಳ ಶೇ. 1ರ ಆಸುಪಾಸಿನದು. ಆದರೆ ಹಾಲಿನ ಉತ್ಪಾದನೆ 2012-13ರಲ್ಲಿ ಸುಮಾರು 13 ಕೋಟಿ ಟನ್ ಇದ್ದದ್ದು 2018-19ರ ಹೊತ್ತಿಗೆ 18.8 ಕೋಟಿ ಟನ್ನಿಗೆ ಏರಿತ್ತು, 2023-24ರಲ್ಲಿ 23.9 ಕೋಟಿ ಟನ್ ತಲುಪಿತು. ತಲೆಗಳು ಹೆಚ್ಚದೆ ಹಾಲು ಹೆಚ್ಚಿದೆ ಎಂದರೆ ಹಿಂಡಿನ ಒಳಗೇ ಏನೋ ಬದಲಾಗಿರಬೇಕು. ಅದೂ ಆ ಗಣತಿಯಲ್ಲೇ ಕಾಣುತ್ತದೆ: ಗಂಡು ದನಗಳು ಶೇ. 30ರಷ್ಟು ಕಡಿಮೆಯಾಗಿವೆ, ಹೆಣ್ಣು ಶೇ. 18ರಷ್ಟು ಹೆಚ್ಚಿವೆ, ವಿದೇಶಿ ಮತ್ತು ಮಿಶ್ರತಳಿ ದನಗಳು ಶೇ. 27ರಷ್ಟು ಏರಿವೆ. ನಮ್ಮ ರಾಜ್ಯದಲ್ಲಂತೂ ದನಗಳ ಒಟ್ಟು ಸಂಖ್ಯೆಯೇ 95 ಲಕ್ಷದಿಂದ 85 ಲಕ್ಷದ ಹತ್ತಿರಕ್ಕೆ ಇಳಿದಿದೆ. ಟ್ರ್ಯಾಕ್ಟರ್ ಬಂದ ಮನೆಯಲ್ಲಿ ಎತ್ತು ನಿಲ್ಲುವುದಿಲ್ಲ. ಬಂಕಾಪುರದ ಕೋಟೆಯೊಳಗಿನ ಖಿಲಾರಿ ತಳಿ ಕೇಂದ್ರ ನಮಗೆ ಕೂಗಳತೆಯಲ್ಲಿದ್ದರೂ ನಮ್ಮ ಓಣಿಯಲ್ಲಿ ಕಾರಹುಣ್ಣಿಮೆಗೆ ಸಿಂಗರಿಸುವ ಜೋಡಿಗಳು ಈಗ ಬೆರಳೆಣಿಕೆಯಷ್ಟು ಮಾತ್ರ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಅಂಕಿ. ದನ-ಎಮ್ಮೆ ಸೇರಿ ದೇಶದಲ್ಲಿ 30 ಕೋಟಿಗೂ ಹೆಚ್ಚು ಇದ್ದರೂ ಅವುಗಳಲ್ಲಿ ಹಾಲು ಕೊಡುವವು ಮತ್ತು ಬತ್ತಿದವು ಸೇರಿ ಲೆಕ್ಕಕ್ಕೆ ಸಿಗುವುದು ಹನ್ನೆರಡೂವರೆ ಕೋಟಿ ಮಾತ್ರ. ಅದೇ ಕಣ್ಣಿನಿಂದ ನಮ್ಮ ಕೊಟ್ಟಿಗೆ ನೋಡಿದೆ. 8 ಮಿಶ್ರತಳಿ ಹಸು, 2 ಜವಾರಿ ಆಕಳು, 2 ಎಮ್ಮೆ, 3 ಮಣಕ (ಇನ್ನೂ ಈಯದ ಹರೆಯದ ಹೆಣ್ಣು ದನ). ಇವುಗಳಲ್ಲಿ ಯಾವ ತಿಂಗಳು ನೋಡಿದರೂ ಬಕೆಟ್ ತುಂಬಿಸುತ್ತಿದ್ದವು ನಾಲ್ಕೈದು ಮಾತ್ರ. ಉಳಿದವುಗಳ ಮೇವು, ಹಿಂಡಿ, ಔಷಧಿಯನ್ನು ಆ ನಾಲ್ಕೈದೇ ದುಡಿದು ಹಾಕುತ್ತಿದ್ದವು. ಬತ್ತಿದ ಹಸು ಒಂದಕ್ಕೆ ದಿನಕ್ಕೆ ಕಡಿಮೆಯೆಂದರೂ 120 ರೂಪಾಯಿ ಖರ್ಚು ಬರುತ್ತದೆ. ಅದು ಎರಡು ತಿಂಗಳು ಬತ್ತಿರುವುದು ಸಹಜ. ಆದರೆ ಆರೇಳು ತಿಂಗಳು ಬತ್ತಿದರೆ ಮುಂದಿನ ಸೂಲಿನ ಲಾಭವನ್ನು ಮೊದಲೇ ತಿಂದು ಮುಗಿಸಿರುತ್ತದೆ.

ಅಮೆರಿಕದ ಉದಾಹರಣೆಯನ್ನು ಈ ಮಾತಿನಲ್ಲಿ ಎಲ್ಲರೂ ತರುತ್ತಾರೆ. ಅಲ್ಲಿ 1944ರಲ್ಲಿ 2.56 ಕೋಟಿ ಹೈನದ ಹಸುಗಳು 5.3 ಕೋಟಿ ಟನ್ ಹಾಲು ಕೊಡುತ್ತಿದ್ದವು. 2007ರಲ್ಲಿ 92 ಲಕ್ಷ ಹಸುಗಳೇ 8.4 ಕೋಟಿ ಟನ್ ಕೊಟ್ಟವು. ಲೆಕ್ಕ ಸರಿಯಾಗಿಯೇ ಇದೆ, ಆದರೆ ಅಲ್ಲಿ ಹಸು ಎರಡು ಮೂರು ಸೂಲಿಗೇ ಹಿಂಡಿನಿಂದ ಹೊರಬಿದ್ದು ಮಾಂಸಕ್ಕೆ ಹೋಗುತ್ತದೆ. ನಮ್ಮಲ್ಲಿ 2021ರಿಂದ ಜಾರಿಯಲ್ಲಿರುವ ಗೋಹತ್ಯೆ ನಿಷೇಧ ಕಾಯ್ದೆ ಅದಕ್ಕೆ ಅವಕಾಶ ಕೊಡುವುದಿಲ್ಲ, ನನ್ನ ಮನೆಯವರು ಅದಕ್ಕಿಂತ ಮೊದಲೇ ಒಪ್ಪುತ್ತಿರಲಿಲ್ಲ. ಆದ್ದರಿಂದ ನಮ್ಮಲ್ಲಿ ಹಿಂಡು ಇಳಿಸುವುದೆಂದರೆ, ಗೊಡ್ಡಾಗುವ ಮೊದಲೇ, ಇನ್ನೂ ಗಿರಾಕಿ ಇರುವಾಗಲೇ, ಸಾಕುವ ಕೈಗೆ ಒಪ್ಪಿಸುವುದು ಎಂದೇ ಅರ್ಥ. ಐದಾರು ಲೀಟರ್ ಕೊಡುವ ಗಬ್ಬದ ಹಸು ಡೇರಿ ನಡೆಸುವ ನನಗೆ ಭಾರ. ಮನೆಗೆಂದು ಒಂದೇ ಆಕಳು ಕಟ್ಟುವವರಿಗೆ ಅದು ಬಂಗಾರ. ಹೀಗೆ ಎರಡು ಜವಾರಿ ಆಕಳು, ಒಂದು ಎಮ್ಮೆ, ಎರಡು ಹಸು ಮತ್ತು ಒಂದು ಮಣಕ ಸುತ್ತಲಿನ ಹಳ್ಳಿಗಳ ಮನೆಗಳಿಗೇ ಹೋದವು. ಒಂದು ಮುದಿ ಹಸುವನ್ನು ಕೊಡಲಾಗಲಿಲ್ಲ. ಅದು ಈಗಲೂ ನಮ್ಮಲ್ಲೇ ಇದೆ, ಅದರ ಖರ್ಚನ್ನು ನಾನು ಡೇರಿ ಲೆಕ್ಕದಲ್ಲಿ ಹಿಡಿಯುವುದಿಲ್ಲ.

ಇದಕ್ಕೆ ಕೈ ಹಾಕಿದ್ದು 2022ರಲ್ಲಿ ಚರ್ಮಗಂಟು ರೋಗ ನಮ್ಮ ಜಿಲ್ಲೆಯನ್ನು ಹಿಂಡಿ ಹಿಪ್ಪೆ ಮಾಡಿದ ಮೇಲೆ. ಸಂತೆಗಳು ಬಂದ್ ಆಗಿದ್ದರಿಂದ ಮಾರಾಟ ತಿಂಗಳುಗಟ್ಟಲೆ ನಿಂತಿತು, ಮತ್ತೆ ತೆರೆದಾಗ ಬೆಲೆ ಬಿದ್ದಿತ್ತು. ಆರು ಜಾನುವಾರುಗಳಿಂದ ಒಂದೂವರೆ ಲಕ್ಷದ ಹತ್ತಿರ ಬಂತು. ಒಳ್ಳೆಯ ಕಾಲದಲ್ಲಿ ಎರಡು ಲಕ್ಷವಾದರೂ ಸಿಗಬೇಕಿತ್ತು. ಆ ಹಣಕ್ಕೆ ಬ್ಯಾಂಕಿನ ಸಾಲ ಸೇರಿಸಿ ಮೇವಿನ ವ್ಯವಸ್ಥೆ ಮಾಡೋಣವೆಂದು ಹೋದರೆ ಅಲ್ಲಿಯ ಅಧಿಕಾರಿಯ ಮೊದಲ ಪ್ರಶ್ನೆಯೇ "ಎಷ್ಟು ಹಸು ತರ್ತೀರಿ?" ಎಂಬುದು. ಹಸು ತರುವುದಿಲ್ಲ, ಇರುವುದನ್ನು ಇಳಿಸುತ್ತಿದ್ದೇನೆ ಎಂದರೆ ಅವರ ಅರ್ಜಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಸಾಲ ಬರಲಿಲ್ಲ. ಸಾಲಕ್ಕೂ ಸಬ್ಸಿಡಿಗೂ ತಲೆ ಎಣಿಸುವ ಪದ್ಧತಿ ಇರುವತನಕ ರೈತ ತಲೆಯನ್ನೇ ಹೆಚ್ಚಿಸುತ್ತಾನೆ.

ಉಳಿಸಿಕೊಂಡ ಹಸುಗಳಲ್ಲಿ ಮೊದಲು ಹಿಡಿದ ಕೆಲಸ ಸೂಲಿನ ಅಂತರ ಕಡಿಮೆ ಮಾಡುವುದು. ನಮ್ಮಲ್ಲಿ ಒಂದು ಕರುವಿನಿಂದ ಇನ್ನೊಂದು ಕರುವಿಗೆ 17-18 ತಿಂಗಳು ಹಿಡಿಯುತ್ತಿತ್ತು. ಈಗ 13-14ಕ್ಕೆ ಬಂದಿದೆ. ಇದಕ್ಕೆ ದೊಡ್ಡ ವಿದ್ಯೆಯೇನೂ ಬೇಕಿಲ್ಲ. ಕೊಟ್ಟಿಗೆಯ ಗೋಡೆಯ ಮೇಲೆ ಪ್ರತಿ ಹಸುವಿನ ಹೆಸರು, ಈದ ದಿನ, ಬೆದೆಗೆ ಬಂದ ದಿನ, ಸೂಜಿ (ಕೃತಕ ಗರ್ಭಧಾರಣೆ) ಹಾಕಿಸಿದ ದಿನ, ಗಬ್ಬ ಪರೀಕ್ಷೆಯ ದಿನ ಬರೆಯುತ್ತೇವೆ. ನಸುಕಿನಲ್ಲಿ ಹಿಂಡುವ ಮೊದಲು ಮತ್ತು ರಾತ್ರಿ ಮೇವು ಹಾಕಿದ ಮೇಲೆ ನನ್ನ ಹೆಂಡತಿ ಒಂದು ಸುತ್ತು ಸುಮ್ಮನೆ ನಿಂತು ನೋಡುತ್ತಾಳೆ. ಮಧ್ಯಾಹ್ನದ ಬಿಸಿಲಿನಲ್ಲಿ ಮಿಶ್ರತಳಿ ಹಸು ಬೆದೆಯನ್ನು ತೋರಿಸುವುದೇ ಇಲ್ಲ. ಲೋಳೆ ನೆಲಕ್ಕೆ ಇಳಿದದ್ದು, ಬಾಲದ ಬುಡಕ್ಕೆ ಅಂಟಿದ್ದು ಕಾಣುವುದು ಆ ಎರಡು ಹೊತ್ತಿನಲ್ಲೇ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಸೂಜಿ ಎಂಬುದು ನಿಮಗೆಲ್ಲ ಗೊತ್ತಿರುವುದೇ. ಮೂಕ ಬೆದೆಯ, ಅಂದರೆ ಬೆದೆಗೆ ಬಂದರೂ ಹೊರಗೆ ತೋರಿಸದ ಹಸುವನ್ನು ಗುರುತಿಸಲು ಅವಳು ಇನ್ನೊಂದು ಲಕ್ಷಣ ಹಿಡಿಯುತ್ತಾಳೆ, ಪಶುವೈದ್ಯರೇ ಕೇಳಿ ತಿಳಿದುಕೊಂಡದ್ದು. ಅದನ್ನು ಇಲ್ಲಿ ಬರೆಯಲು ಅವಳ ಒಪ್ಪಿಗೆ ಸಿಕ್ಕಿಲ್ಲ.

ಹೆಣ್ಣುಗರುವೇ ಹುಟ್ಟಲೆಂದು ಲಿಂಗ ನಿರ್ಧರಿತ ವೀರ್ಯವನ್ನೂ ಬಳಸಿದೆವು. ಹತ್ತಕ್ಕೆ ಒಂಬತ್ತು ಹೆಣ್ಣು ಎನ್ನುವುದು ಗಬ್ಬ ನಿಂತರೆ ತಾನೇ? ಸಾದಾ ವೀರ್ಯದ ನಳಿಕೆಗಿಂತ ಇದರಲ್ಲಿ ಗಬ್ಬ ನಿಲ್ಲುವುದು ಕಡಿಮೆ, ಅದರಲ್ಲೂ ಮೂರು ನಾಲ್ಕು ಸೂಲು ಮುಗಿಸಿದ ಹಸುಗಳಲ್ಲಿ. ಮೊದಮೊದಲು ಹಾಕಿಸಿದವು ಒಂದೂ ನಿಲ್ಲಲಿಲ್ಲ, ಪ್ರತಿ ಸಲ 21 ದಿನ ಕೈಬಿಟ್ಟು ಹೋಯಿತು. ಈಗ ಮಣಕಗಳಿಗೆ ಮತ್ತು ಮೊದಲ ಸೂಲಿನವುಗಳಿಗೆ ಮಾತ್ರ ಅದನ್ನು ಹಾಕಿಸುತ್ತೇವೆ, ಉಳಿದವುಗಳಿಗೆ ಸಾದಾ. ಹೊರಗಿನಿಂದ 85 ಸಾವಿರ ಕೊಟ್ಟು ತಂದ ಒಂದು ಹಸು, ದಿನಕ್ಕೆ 20 ಲೀಟರ್ ಎಂದು ಹೇಳಿ ಮಾರಿದ್ದು, ಈದ ಎರಡನೆಯ ದಿನ ಹಾಲು ಜ್ವರದಿಂದ ಬಿದ್ದು, ಕ್ಯಾಲ್ಸಿಯಂ ಏರಿಸುವಷ್ಟರಲ್ಲಿ ಸತ್ತಿತು. ಅಲ್ಲಿಂದ ಮುಂದೆ ಹೊರಗಿನ ಹಸು ತಂದಿಲ್ಲ. ಮನೆಯ ಕರುವನ್ನೇ ಬೆಳೆಸುತ್ತೇವೆ.

ಎರಡನೆಯದು ಮೇವು. ಹಾವೇರಿ ಜಿಲ್ಲೆ ಎಂದರೆ ಗೋವಿನಜೋಳದ (ಮೆಕ್ಕೆಜೋಳದ) ಸೀಮೆ. ಆದರೂ ಮಾರ್ಚ್ ಬಂತೆಂದರೆ ಒಣ ಕಣಕಿಯ (ತೆನೆ ಮುರಿದ ದಂಟಿನ) ಮೇಲೆಯೇ ದನ ಸಾಗಬೇಕು, ಹಾಲು ಅರ್ಧಕ್ಕೆ ಇಳಿಯಬೇಕು. ತೆನೆ ಕಟ್ಟಿ ನಿಂತ ಬೆಳೆಯನ್ನು ಹಸಿಯಾಗಿಯೇ ಕಡಿದು ಗುಂಡಿಗೆ ತುಂಬುವುದನ್ನು ನಮ್ಮಲ್ಲಿ ಪಾಪವೆಂದೇ ಬಗೆಯುತ್ತಿದ್ದರು. "ಕಾಳ ಬಲಿಯೂದರಾಗ ಕಡದು ಹುಗೀತೀಯಲ್ಲೋ ತಮ್ಮಾ" ಎಂದು ಹೊಲದ ಬದುವಿನಲ್ಲಿ ನಿಂತು ಮರುಗಿದವರಿದ್ದಾರೆ. ಲೆಕ್ಕ ಹೀಗಿದೆ: ಎಕರೆಗೆ 22-24 ಕ್ವಿಂಟಲ್ ಕಾಳು ಬಂದರೆ ಒಕ್ಕಣೆಯ ಖರ್ಚು ಕಳೆದು 35-36 ಸಾವಿರ ಉಳಿಯುತ್ತದೆ. ಅದೇ ಎಕರೆಯಿಂದ 15 ಟನ್ ರಸಮೇವು ಬರುತ್ತದೆ. ಬಿಟ್ಟುಕೊಟ್ಟ ಕಾಳಿನ ಬೆಲೆಗೆ ಕಡಿಯುವ, ಕತ್ತರಿಸುವ, ತುಳಿಯುವ ಕೂಲಿ 10 ಸಾವಿರ ಸೇರಿಸಿದರೂ ಕಿಲೋಗೆ 3 ರೂಪಾಯಿ ಬೀಳುತ್ತದೆ. ಚೀಲದಲ್ಲಿ ಕೊಂಡರೆ ಅದರ ಎರಡು ಪಟ್ಟಿಗೂ ಹೆಚ್ಚು.

ಗುಂಡಿ 20 ಅಡಿ ಉದ್ದ, 8 ಅಡಿ ಅಗಲ, 5 ಅಡಿ ಆಳದ್ದು. ಚೆನ್ನಾಗಿ ತುಳಿದರೆ 12-13 ಟನ್ ಹಿಡಿಯುತ್ತದೆ. ಮೊದಲನೆಯದು ಕೆಟ್ಟಿತು. ಬೆಳೆ ಕಡಿದ ವಾರ ಹಿಡಿದ ಮಳೆ ಬಿಡಲಿಲ್ಲ, ಅಗ್ಗದ ತಾಡಪತ್ರಿ ಗಾಳಿಗೆ ಹರಿಯಿತು. ತೆರೆದಾಗ ಮೇಲಿನ ಒಂದು ಅಡಿ ಕಪ್ಪಾಗಿ ಬೂಜು ಹಿಡಿದಿತ್ತು, ಮೂರು ಟನ್ನಿನಷ್ಟು ತಿಪ್ಪೆಗೆ ಹೋಯಿತು. ಓಣಿಗೆಲ್ಲ ವಾಸನೆ ಹಬ್ಬಿದ್ದರಿಂದ ಅದನ್ನು ಮುಚ್ಚಿಡುವ ಮಾತೂ ಇರಲಿಲ್ಲ. ಈಗ ದಪ್ಪ ಹಾಳೆ ಹಾಕುತ್ತೇನೆ, ಮೇಲೆ ಮಣ್ಣು ಮತ್ತು ಹಳೆಯ ಟೈರು. ಕಡಿಯುವ ಹೊತ್ತನ್ನು ತಿಳಿಯಲು ತೆನೆ ಮುರಿದು ನೋಡುತ್ತೇನೆ. ಕಾಳಿನ ಅರ್ಧ ಹಿಟ್ಟಾಗಿ ಇನ್ನರ್ಧ ಹಾಲಾಗಿರಬೇಕು. ಚಾಫ್ ಕಟರ್‌ನಿಂದ ಬಿದ್ದದ್ದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ ಕೈ ಬಿಚ್ಚಿದಾಗ ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಇನ್ನೂ ಹಸಿ, ಉಂಡೆ ಕೂಡಲೇ ಉದುರಿದರೆ ಒಣಗಿದೆ. ಉಂಡೆ ನಿಧಾನವಾಗಿ ಬಿರಿಯುತ್ತ ಅಂಗೈಯನ್ನು ಬರೀ ತೇವ ಮಾಡಿದರೆ ಅದೇ ದಿನ ತುಂಬಬೇಕು. ಪದರ ಪದರಕ್ಕೆ ಬೆಲ್ಲದ ನೀರು, ಉಪ್ಪು ಎಲ್ಲರೂ ಹಾಕುತ್ತಾರೆ. ನಾನು ಮೂರನೆಯದೊಂದನ್ನು ಹಾಕುತ್ತೇನೆ, ಅದು ನನ್ನಲ್ಲೇ ಇರಲಿ. 45 ದಿನದ ನಂತರ ತೆರೆದರೆ ಬಣ್ಣ ಹಳದಿ ಮಿಶ್ರಿತ ಹಸಿರು, ವಾಸನೆ ಹುಳಿ ಮಜ್ಜಿಗೆಯದು. ಹಸುವಿಗೆ ದಿನಕ್ಕೆ 18-20 ಕಿಲೋ ಹಾಕಿದರೆ ಒಂದು ಗುಂಡಿ ಮೂರು ತಿಂಗಳು ದಾಟಿಸುತ್ತದೆ.

ಬೇರೆ ಪ್ರಯೋಗಗಳೂ ನಡೆದವು. ನೀರಿನ ಮೇಲೆ ತೇಲಿ ಬೆಳೆಯುವ ಅಜೋಲ್ಲಾ ಸಸ್ಯ ಬೆಳೆಸಿದೆ, ತೊಳೆದು ಹಿಂಡಿಯಲ್ಲಿ ಕಲಸಿದರೆ ತಿನ್ನುತ್ತಿದ್ದವು, ಆದರೆ ಏಪ್ರಿಲ್ ಬಿಸಿಲಿಗೆ ತೊಟ್ಟಿಯೇ ಕಂದಿಹೋಯಿತು. ಟ್ರೇಗಳಲ್ಲಿ ಮಣ್ಣಿಲ್ಲದೆ ಗೋವಿನಜೋಳದ ಸಸಿ ಬೆಳೆಸುವುದು ನೋಡಲು ಚೆಂದ; ಮಳೆಗಾಲದಲ್ಲಿ ಬೂಜು ಬಂದು, ಹೂಡಿದ 18 ಸಾವಿರದಲ್ಲಿ ಉಳಿದದ್ದು ಟ್ರೇಗಳು. ಧಾರವಾಡಿ ಎಮ್ಮೆಯ ಮೇಲಿನ ಪ್ರಯೋಗ ಬೇರೆಯೇ ಪಾಠ ಹೇಳಿತು. 2021ರಲ್ಲಿ ರಾಷ್ಟ್ರಮಟ್ಟದಲ್ಲಿ ತಳಿಯಾಗಿ ನೋಂದಣಿಯಾದ ಈ ಎಮ್ಮೆಗೆ ನಾನೂ ರಸಮೇವು, ಹೆಚ್ಚಿನ ಹಿಂಡಿ ಕೊಟ್ಟು ನೋಡಿದೆ. ಮೂರು ಲೀಟರ್ ಕೊಡುತ್ತಿದ್ದದ್ದು ಮೂರೂವರೆಗೆ ಬಂತು, ಮೈ ಮಾತ್ರ ತುಂಬಿಕೊಂಡಿತು. ಅದಕ್ಕೆ ಕಣಕಿ, ಶೇಂಗಾ ಹೊಟ್ಟು, ಬದುವಿನ ಹುಲ್ಲು ಸಾಕು. ಅಷ್ಟರಲ್ಲೇ ಅದು ಶೇ. 7ರ ಜಿಡ್ಡಿನ ಹಾಲು ಕೊಡುತ್ತದೆ. ಧಾರವಾಡದ ಪೇಢೆ ಹೆಸರು ಮಾಡಿದ್ದೇ ಇಂಥ ಹಾಲಿನಿಂದ. ದೇಶದ ಹಾಲಿನಲ್ಲಿ ಹತ್ತಿರ ಹತ್ತಿರ ಶೇ. 45ರಷ್ಟು ಎಮ್ಮೆಯದೇ ಇರುವಾಗ ಎಲ್ಲ ಪ್ರಾಣಿಗೂ ಒಂದೇ ಮೇವಿನ ಪಟ್ಟಿ ಬರೆದುಕೊಡುವವರನ್ನು ನಾನು ನಂಬುವುದಿಲ್ಲ.

ಹಣದ ಲೆಕ್ಕ ಕೇಳುವವರಿಗೆ: ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವನ್ನು ಬಿಟ್ಟು, ತಿಂಗಳಿಗೆ 68-70 ಸಾವಿರದ ಹಾಲು ಹೋಗುತ್ತದೆ. ಹಿಂಡಿ 26 ಸಾವಿರ, ರಸಮೇವು 11 ಸಾವಿರ, ಆಳಿನ ಸಂಬಳ 8 ಸಾವಿರ, ಕಣಕಿ, ಔಷಧಿ, ಕರೆಂಟು ಸೇರಿ ಆರೇಳು ಸಾವಿರ. ಕೈಯಲ್ಲಿ ಉಳಿಯುವುದು 16-19 ಸಾವಿರ. 15 ದನ ಇದ್ದಾಗ ತಿಂಗಳಿಗೆ 40 ಸಾವಿರ ಬಂದು 38 ಸಾವಿರ ಹೋಗುತ್ತಿತ್ತು, ಸಗಣಿ ಗೊಬ್ಬರವೇ ಲಾಭವೆಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆವು. ಗೊಬ್ಬರ ಈಗ ಕಡಿಮೆಯಾಗಿದೆ, ಅದು ನಿಜ. ಮೆಣಸಿನಕಾಯಿ ಹೊಲಕ್ಕೆ ಎರಡು ಟ್ರ್ಯಾಕ್ಟರ್ ಹೊರಗಿನಿಂದ ಹೇರಿಸಬೇಕಾಗಿದೆ. ಹಾಲಿನ ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಉಳಿದ ಘನಾಂಶದ ಶೇಕಡಾವಾರು) ಮೊದಲು 8.3ರ ಸುತ್ತ ತೂಗಾಡುತ್ತಿತ್ತು, ಖನಿಜ ಮಿಶ್ರಣವನ್ನು ತಪ್ಪದೆ ಕೊಡತೊಡಗಿದ ಮೇಲೆ 8.5ಕ್ಕೆ ನಿಂತಿದೆ, ದರ ಕಡಿತದ ಚೀಟಿ ಬರುವುದು ನಿಂತಿದೆ.

ಈ ವರ್ಷ ಎರಡನೆಯ ಗುಂಡಿ ತೋಡಿಸಿದ್ದೇನೆ, ಅದರ ಅರ್ಧವನ್ನು ಬೇಸಿಗೆಯಲ್ಲಿ ಮಾರುವ ಯೋಚನೆಯಿದೆ. ಕಿಲೋಗೆ ಐದೂವರೆಗೆ ಕೇಳಿದವರಿದ್ದಾರೆ, ಆರಕ್ಕಿಂತ ಕಡಿಮೆ ಕೊಡುವುದಿಲ್ಲ ಎಂದಿದ್ದೇನೆ. ಕಾಕಾನ ಮಗನಿಗೆ ಮಾತ್ರ ಐದಕ್ಕೆ.