ಥಂಡರ್‌ಬರ್ಡ್‌ನಲ್ಲಿ ಫೋಲ್ಡರ್ ಮಾಯವೇ? ಖಾತೆ ಅಳಿಸಬೇಡಿ, ಹೀಗೆ ಹುಡುಕಿ

ಬೆಳಿಗ್ಗೆ ಮೇಲ್ ಪ್ರೋಗ್ರಾಂ ಥಂಡರ್‌ಬರ್ಡ್ ತೆರೆದರೆ ಎಡಗಡೆಯ ಪಟ್ಟಿಯಲ್ಲಿ ‘ಜಿಎಸ್‌ಟಿ’, ‘ಬ್ಯಾಂಕ್’, ‘ಬಿಲ್’ ಫೋಲ್ಡರ್‌ಗಳೇ ಇಲ್ಲ. ಚಿಕ್ಕಪೇಟೆಯ ಜವಳಿ ಅಂಗಡಿಯಾಗಲಿ, ಜಯನಗರದ ಆಡಿಟರ್ ಕಚೇರಿಯಾಗಲಿ, ಗಾಬರಿಯಲ್ಲಿ ಎಷ್ಟೋ ಜನ ಖಾತೆಯನ್ನೇ ತೆಗೆದು ಮತ್ತೆ ಸೇರಿಸಲು ಹೋಗುತ್ತಾರೆ. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ. ಖಾತೆ ತೆಗೆಯುವಾಗ ‘ರಿಮೂವ್ ಮೆಸೇಜ್ ಡೇಟಾ’ಗೆ ಟಿಕ್ ಬಿದ್ದರೆ ಕಂಪ್ಯೂಟರಿನಲ್ಲಿದ್ದ ಮೇಲ್ ಕೂಡ ಅಳಿಸಿಹೋಗುತ್ತದೆ. ಹೆಚ್ಚಿನ ಸಲ ಮೇಲ್ ಇದ್ದಲ್ಲೇ ಇರುತ್ತದೆ, ಕಾಣಿಸುವುದರಲ್ಲಷ್ಟೇ ಎಡವಟ್ಟು.

ಮೊದಲು ನಿಮ್ಮ ಖಾತೆ ಯಾವ ಬಗೆಯದೆಂದು ತಿಳಿದುಕೊಳ್ಳಿ. ಅಕೌಂಟ್ ಸೆಟ್ಟಿಂಗ್ಸ್‌ನ ‘ಸರ್ವರ್ ಸೆಟ್ಟಿಂಗ್ಸ್’ ಪುಟದ ಮೇಲ್ಭಾಗದಲ್ಲೇ ಐಮ್ಯಾಪ್ (ಮೇಲ್ ಸರ್ವರಿನಲ್ಲೇ ಉಳಿಯುವ ಬಗೆ) ಅಥವಾ ಪಾಪ್ (ಮೇಲ್ ಕಂಪ್ಯೂಟರಿಗೆ ಇಳಿದು ಬರುವ ಬಗೆ) ಎಂದು ಬರೆದಿರುತ್ತದೆ. ಐಮ್ಯಾಪ್ ಆದರೆ ಬ್ರೌಸರಿನಲ್ಲಿ ಲಾಗಿನ್ ಆಗಿ ನೋಡಿ. ಅಲ್ಲಿ ಫೋಲ್ಡರ್ ಇದ್ದರೆ ನಿಶ್ಚಿಂತೆ. ಪಾಪ್ ಆದರೆ ಹಳೆಯ ಮೇಲ್ ಬಹುಶಃ ಈ ಕಂಪ್ಯೂಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಹಾಗಾಗಿ ಮೊದಲು ಬ್ಯಾಕಪ್, ಆಮೇಲೆ ಉಳಿದದ್ದು.

ಬ್ಯಾಕಪ್‌ಗೆ ಹೆಲ್ಪ್ ಮೆನುವಿನ (ಮೆನು ಕಾಣದಿದ್ದರೆ ಆಲ್ಟ್ ಕೀ ಒತ್ತಿ) ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಷನ್’ ತೆರೆದು, ‘ಪ್ರೊಫೈಲ್ ಫೋಲ್ಡರ್’ ಎದುರಿನ ಬಟನ್ ಒತ್ತಿ. ನಿಮ್ಮ ಮೇಲ್, ಸೆಟ್ಟಿಂಗ್ಸ್ ಎಲ್ಲ ಇರುವುದು ಈ ಪ್ರೊಫೈಲಿನಲ್ಲೇ. ಥಂಡರ್‌ಬರ್ಡ್ ಮುಚ್ಚಿ, ತೆರೆದುಕೊಂಡ ಆ ಇಡೀ ಫೋಲ್ಡರನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಎಸ್.ಪಿ. ರಸ್ತೆಯಲ್ಲಿ ಕೊಂಡ 32 ಜಿಬಿ ಪೆನ್‌ಡ್ರೈವ್ ಸಾಮಾನ್ಯವಾಗಿ ಫ್ಯಾಟ್32 ಫಾರ್ಮ್ಯಾಟಿನಲ್ಲಿರುತ್ತದೆ. ಅದರಲ್ಲಿ 4 ಜಿಬಿಗಿಂತ ದೊಡ್ಡದಾದ ಒಂದೇ ಫೈಲ್ ಹಿಡಿಸುವುದಿಲ್ಲ. ವರ್ಷಗಟ್ಟಲೆ ತುಂಬಿದ ಇನ್‌ಬಾಕ್ಸ್ ಅದನ್ನು ಸುಲಭವಾಗಿ ದಾಟುತ್ತದೆ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನ ಡಿಸ್ಕ್ ಬಳಸಿ.

ಪಟ್ಟಿಯೇ ಇಲ್ಲ, ಅಥವಾ ಅರ್ಧ ಇದೆ

ಎಡಗಡೆಯ ಪಟ್ಟಿ ಪೂರ್ತಿ ಹೋಗಿದ್ದರೆ ಆಲ್ಟ್ ಕೀ ಒತ್ತಿ ಮೆನು ತರಿಸಿ, ವ್ಯೂ, ಲೇಔಟ್, ‘ಫೋಲ್ಡರ್ ಪೇನ್’ಗೆ ಟಿಕ್ ಹಾಕಿ. ಕೆಲವಷ್ಟೇ ಇಲ್ಲವಾದರೆ ಪಟ್ಟಿಯ ತಲೆಯಲ್ಲಿರುವ ಮೂರು ಚುಕ್ಕಿ ಒತ್ತಿ ‘ಫೋಲ್ಡರ್ ಮೋಡ್ಸ್’ ನೋಡಿ. ‘ಅನ್‌ರೆಡ್’ ಒಂದಕ್ಕೇ ಟಿಕ್ ಇದ್ದರೆ, ಎಲ್ಲವನ್ನೂ ಓದಿ ಮುಗಿಸಿದ ಫೋಲ್ಡರ್ ಪಟ್ಟಿಯಿಂದ ಮರೆಯಾಗುತ್ತದೆ. ‘ಆಲ್ ಫೋಲ್ಡರ್ಸ್’ಗೆ ಟಿಕ್ ಹಾಕಿ. ಈಗಿನ ಆವೃತ್ತಿಗಳಲ್ಲಿ ಹಲವು ಮೋಡ್‌ಗಳನ್ನು ಒಟ್ಟಿಗೆ ಇಟ್ಟುಕೊಳ್ಳಬಹುದು. ಒಂದೇ ಇನ್‌ಬಾಕ್ಸ್ ಎರಡೆರಡು ಕಡೆ ಕಾಣುವುದು ಇದರಿಂದಲೇ, ಮೇಲ್ ಎರಡಾಗಿದೆ ಎಂದುಕೊಂಡು ಒಂದನ್ನು ಅಳಿಸಬೇಡಿ. ‘ಲೋಕಲ್ ಫೋಲ್ಡರ್ಸ್’ ಇಲ್ಲದಿದ್ದರೆ ಅದೇ ಮೂರು ಚುಕ್ಕಿಯಡಿ ಅದನ್ನು ಅಡಗಿಸುವ ಆಯ್ಕೆಗೆ ಟಿಕ್ ಬಿದ್ದಿರುತ್ತದೆ.

ಇನ್ನೊಂದು ಕಾರಣ ಬಹಳ ಸಾಮಾನ್ಯ, ಆದರೆ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. ಮೌಸ್ ಒತ್ತಿ ಹಿಡಿದಾಗ ಕೈ ಸ್ವಲ್ಪ ಜಾರಿದರೆ ಸಾಕು, ‘ಬ್ಯಾಂಕ್’ ಫೋಲ್ಡರ್ ಪಕ್ಕದ ‘ಬಿಲ್’ ಒಳಗೆ ಹೋಗಿ ಕೂರುತ್ತದೆ. ‘ಬಿಲ್’ ಮಡಚಿಕೊಂಡಿದ್ದರೆ ಅದರ ಸುಳಿವೇ ಸಿಗದು. ಪ್ರತಿ ಫೋಲ್ಡರಿನ ಎಡಕ್ಕಿರುವ ಸಣ್ಣ ಬಾಣ ಒತ್ತಿ ಬಿಡಿಸುತ್ತಾ ಬನ್ನಿ, ಟ್ರ್ಯಾಶ್ ಅನ್ನೂ ಬಿಡಬೇಡಿ. ಹುಡುಕಿ ಮುಗಿಯುವವರೆಗೆ ‘ಎಂಪ್ಟಿ ಟ್ರ್ಯಾಶ್’ ಮುಟ್ಟಬೇಡಿ.

ಐಮ್ಯಾಪ್ ಖಾತೆಯಲ್ಲಿ, ಬ್ರೌಸರಿನಲ್ಲಿ ಇದ್ದು ಇಲ್ಲಿ ಇಲ್ಲದ ಫೋಲ್ಡರಿಗೆ ಸಬ್‌ಸ್ಕ್ರೈಬ್ ಮಾಡದಿರಬಹುದು, ಅಂದರೆ ಅದನ್ನು ಇಲ್ಲಿ ತೋರಿಸಲು ಆರಿಸಿಲ್ಲ. ಖಾತೆಯ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಸಬ್‌ಸ್ಕ್ರೈಬ್’ ಆರಿಸಿ, ಬೇಕಾದವುಗಳಿಗೆ ಟಿಕ್ ಹಾಕಿ. ಪ್ರತಿ ಸಲ ಈ ರಗಳೆ ಬೇಡವೆಂದರೆ ಸರ್ವರ್ ಸೆಟ್ಟಿಂಗ್ಸ್‌ನ ‘ಅಡ್ವಾನ್ಸ್ಡ್’ನಲ್ಲಿ ‘ಶೋ ಓನ್ಲಿ ಸಬ್‌ಸ್ಕ್ರೈಬ್ಡ್ ಫೋಲ್ಡರ್ಸ್’ ಟಿಕ್ ತೆಗೆದು ಥಂಡರ್‌ಬರ್ಡ್ ಮತ್ತೆ ತೆರೆಯಿರಿ. ಜಿಮೇಲ್ ಆದರೆ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ‘ಲೇಬಲ್ಸ್’ಗೆ ಹೋಗಿ, ಆ ಲೇಬಲ್ ಎದುರು ‘ಶೋ ಇನ್ ಐಮ್ಯಾಪ್’ ಇದೆಯೇ ನೋಡಿ. ಅದಿಲ್ಲದಿದ್ದರೆ ಥಂಡರ್‌ಬರ್ಡ್‌ನಲ್ಲಿ ಏನು ಮಾಡಿದರೂ ಬರುವುದಿಲ್ಲ.

ಫೋಲ್ಡರ್ ಇದೆ, ಒಳಗೆ ಖಾಲಿ

ಮೊದಲು ಕಂಟ್ರೋಲ್, ಶಿಫ್ಟ್, ಕೆ ಮೂರನ್ನೂ ಒಟ್ಟಿಗೆ ಒತ್ತಿ. ಕ್ವಿಕ್ ಫಿಲ್ಟರ್ ಪಟ್ಟಿ ಕಾಣುತ್ತದೆ. ಅಲ್ಲಿ ‘ಅನ್‌ರೆಡ್’ ಅಥವಾ ‘ಅಟ್ಯಾಚ್‌ಮೆಂಟ್’ ಒತ್ತಿದ ಹಾಗೇ ಉಳಿದಿದ್ದರೆ ಬಿಡಿಸಿ. ವ್ಯೂ ಮೆನುವಿನ ‘ಥ್ರೆಡ್ಸ್’ನಲ್ಲಿ ‘ಆಲ್’ ಇರಲಿ.

ಇಷ್ಟಾದರೂ ಖಾಲಿಯೆಂದರೆ ಫೋಲ್ಡರಿನ ಸೂಚಿ ಫೈಲ್ ಕೆಟ್ಟಿರಬಹುದು. ಮಾಮೂಲಿ ವ್ಯವಸ್ಥೆಯಲ್ಲಿ ಥಂಡರ್‌ಬರ್ಡ್ ಪ್ರತಿ ಫೋಲ್ಡರಿಗೂ ಎರಡು ಫೈಲ್ ಇಡುತ್ತದೆ. ‘ಇನ್‌ಬಾಕ್ಸ್’ ಎಂದಷ್ಟೇ ಹೆಸರಿರುವ, ಬಾಲವಿಲ್ಲದ ಫೈಲಿನಲ್ಲಿ ಮೇಲ್ ಇರುತ್ತದೆ. ಅದೇ ಹೆಸರಿಗೆ ‘ಎಂಎಸ್‌ಎಫ್’ ಬಾಲ ಅಂಟಿರುವುದು ಪುಸ್ತಕದ ವಿಷಯಸೂಚಿ ಇದ್ದಂತೆ. ಪರದೆಯ ಮೇಲಿನ ಪಟ್ಟಿ ಈ ಸೂಚಿಯಿಂದ ಬರುತ್ತದೆ. ಬರೆಯುತ್ತಿರುವಾಗ ಕರೆಂಟ್ ಹೋದರೆ, ಬಲವಂತವಾಗಿ ಪ್ರೋಗ್ರಾಂ ಮುಚ್ಚಿದರೆ ಅದು ಹಾಳಾಗುತ್ತದೆ. ಮಳೆಗಾಲದಲ್ಲಿ ಯುಪಿಎಸ್ ಇಲ್ಲದ ಕಂಪ್ಯೂಟರಿಗೆ ಈ ತೊಂದರೆ ತಪ್ಪಿದ್ದಲ್ಲ.

ಪರಿಹಾರ ಸುಲಭ. ಫೋಲ್ಡರಿನ ಮೇಲೆ ರೈಟ್ ಕ್ಲಿಕ್, ‘ಪ್ರಾಪರ್ಟೀಸ್’, ‘ರಿಪೇರ್ ಫೋಲ್ಡರ್’. ಕೆಳಗಿನ ಪಟ್ಟಿಯಲ್ಲಿ ಕೆಲಸ ನಡೆಯುತ್ತಿರುವುದು ಕಾಣುತ್ತದೆ, ಮುಗಿಯುವವರೆಗೆ ಬೇರೆ ಏನನ್ನೂ ಒತ್ತಬೇಡಿ. ಐಮ್ಯಾಪ್ ಖಾತೆಯಲ್ಲಿ ಮೇಲ್‌ಗಳು ಸರ್ವರಿನಿಂದ ಮತ್ತೆ ಇಳಿಯುವುದರಿಂದ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇದನ್ನು ಮಾಡಬೇಡಿ. ರಿಪೇರಿಗೂ ಬಗ್ಗದಿದ್ದರೆ ಥಂಡರ್‌ಬರ್ಡ್ ಮುಚ್ಚಿ, ಪ್ರೊಫೈಲಿನಲ್ಲಿ ಆ ಫೋಲ್ಡರಿನ ಎಂಎಸ್‌ಎಫ್ ಫೈಲನ್ನು ಮಾತ್ರ ಬೇರೆಡೆಗೆ ಸರಿಸಿ, ಮತ್ತೆ ತೆರೆಯಿರಿ. ಬಾಲವಿಲ್ಲದ ಫೈಲನ್ನು ಮುಟ್ಟಬೇಡಿ, ಪಾಪ್ ಖಾತೆಯಲ್ಲಿ ಅದು ಹೋದರೆ ಮೇಲೇ ಹೋದಂತೆ. ಐಮ್ಯಾಪ್ ಖಾತೆಯಲ್ಲಿ ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರ್ ಇಲ್ಲಿ ‘&’ ಚಿಹ್ನೆಯಿಂದ ಶುರುವಾಗುವ ಅಕ್ಷರಗಳ ಗೋಜಲಾಗಿ ಕಾಣಬಹುದು. ಐಮ್ಯಾಪ್ ಕನ್ನಡ ಹೆಸರನ್ನು ಸಾಗಿಸುವ ರೀತಿಯೇ ಅದು. ಹೆಸರು ತಿದ್ದಲು ಹೋಗಬೇಡಿ.

ಮರದಂಥ ಪಟ್ಟಿಯೇ ಕೆಟ್ಟಿದ್ದರೆ

ಬಾಣ ಒತ್ತಿದರೂ ಬಿಚ್ಚಿಕೊಳ್ಳುವುದಿಲ್ಲ, ಎಂದೋ ಅಳಿಸಿದ ಫೋಲ್ಡರ್ ಇನ್ನೂ ಕಾಣುತ್ತದೆ ಎಂದರೆ ಪ್ರೊಫೈಲಿನ ‘ಫೋಲ್ಡರ್‌ಟ್ರೀ’ ಮತ್ತು ‘ಫೋಲ್ಡರ್‌ಕ್ಯಾಶ್’ ಎಂಬ ಎರಡು ಜೇಸನ್ (‘.json’ ಬಾಲದ) ಫೈಲ್‌ಗಳ ಹೆಸರನ್ನು, ಥಂಡರ್‌ಬರ್ಡ್ ಮುಚ್ಚಿದ ಮೇಲೆ, ಬದಲಿಸಿ. ಮತ್ತೆ ತೆರೆದಾಗ ಹೊಸದಾಗಿ ಹುಟ್ಟಿಕೊಳ್ಳುತ್ತವೆ. ಫೋಲ್ಡರ್‌ಗಳಿಗೆ ಕೊಟ್ಟ ಬಣ್ಣ ಹೋಗಬಹುದು, ಮೇಲ್‌ಗೆ ಏನೂ ಆಗದು. ಆಡ್‌ಆನ್ (ಮೇಲಿಂದ ಸೇರಿಸಿದ ಪುಟ್ಟ ಪ್ರೋಗ್ರಾಂ) ಮೇಲೆ ಅನುಮಾನವಿದ್ದರೆ, ಅವನ್ನೆಲ್ಲ ನಿಲ್ಲಿಸಿ ತೆರೆಯುವ ಹೆಲ್ಪ್ ಮೆನುವಿನ ‘ಟ್ರಬಲ್‌ಶೂಟ್ ಮೋಡ್’ನಲ್ಲಿ ತೆರೆದು ನೋಡಿ.

ಮರುಇನ್‌ಸ್ಟಾಲ್ ಆದ ಮೇಲೆ ಎಲ್ಲವೂ ಮಾಯವಾಗಿ, ಹೊಸ ಖಾತೆ ಸೇರಿಸಲು ಕೇಳುತ್ತಿದ್ದರೆ ಥಂಡರ್‌ಬರ್ಡ್ ಹೊಸ ಪ್ರೊಫೈಲಿನಲ್ಲಿ ತೆರೆದಿದೆ. ಖಾತೆ ಸೇರಿಸಲು ಹೋಗಬೇಡಿ. ಟ್ರಬಲ್‌ಶೂಟಿಂಗ್ ಇನ್ಫರ್ಮೇಷನ್ ಪುಟದ ‘ಅಬೌಟ್ ಪ್ರೊಫೈಲ್ಸ್’ ಲಿಂಕ್ ಒತ್ತಿದರೆ ಹಳೆಯದೂ ಅಲ್ಲೇ ಕಾಣುತ್ತದೆ. ಅದರಡಿ ‘ಸೆಟ್ ಆ್ಯಸ್ ಡಿಫಾಲ್ಟ್ ಪ್ರೊಫೈಲ್’ ಒತ್ತಿ, ಥಂಡರ್‌ಬರ್ಡ್ ಮುಚ್ಚಿ ತೆರೆಯಿರಿ.